ದಂಡೆಹಕ್ಕಿಗೆ ಜಿಪಿಎಸ್: ರಾತ್ರಿಯ ಲೆಕ್ಕ ಸಿಗಬೇಕಾದರೆ

ಮಾನ್ಯ ಸಂಪಾದಕರೇ,

ಬೋನಾಳ ಕೆರೆ, ಕಾರಂಜಾ ಹಿನ್ನೀರು, ಬೆಣ್ಣೆತೊರೆ ಜಲಾಶಯಗಳಿಗೆ ವಲಸೆ ಹಕ್ಕಿಗಳು ಬಂದಿಳಿದ ಸುದ್ದಿ ಪ್ರಕಟವಾದಾಗಲೆಲ್ಲ ‘ನಮ್ಮ ಹಕ್ಕಿಗಳಿಗೂ ಜಿಪಿಎಸ್ ಹಾಕಿ, ಎಲ್ಲಿಂದ ಬರುತ್ತವೆ ನೋಡೋಣ’ ಎಂಬ ಬೇಡಿಕೆ ಕೇಳಿಬರುತ್ತದೆ. ಬೇಡಿಕೆ ಒಳ್ಳೆಯದೇ. ಆದರೆ ಎಲ್ಲಿಂದ ಬಂದವು ಎಂಬುದಕ್ಕಿಂತ, ಇಲ್ಲಿರುವ ನಾಲ್ಕೈದು ತಿಂಗಳಲ್ಲಿ ರಾತ್ರಿ ಹೊತ್ತು ಎಲ್ಲಿ ಮೇಯುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಗೆ ಹೆಚ್ಚು ಉಪಯೋಗ. ಆ ಉತ್ತರ ದುರ್ಬೀನು ಹಿಡಿದು ಕೆರೆ ಏರಿಯ ಮೇಲೆ ನಿಂತವರಿಗೆ ಸಿಗುವುದಿಲ್ಲ. ಜಿಪಿಎಸ್ ಕೊಡಬಲ್ಲದು, ಕೆಲಸ ಸರಿಯಾಗಿ ಮಾಡಿದರೆ ಮಾತ್ರ. ಸರಿಯಾಗಿ ಮಾಡುವುದೆಂದರೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ನೀರಿನಂಚಿನ ಕೆಸರಲ್ಲಿ ಹುಳು, ಹುಪ್ಪಟೆ ಹೆಕ್ಕುವ ಗೊರವ, ಗಾಡ್‌ವಿಟ್, ಸ್ಯಾಂಡ್‌ಪೈಪರ್, ಸ್ಟಿಂಟ್, ಪ್ಲವರ್, ಮೆಟ್ಟುಗಾಲು ಹಕ್ಕಿ, ಟಿಟ್ಟಿಭಗಳನ್ನು ಒಟ್ಟಾಗಿ ದಂಡೆಹಕ್ಕಿ ಎನ್ನೋಣ. ಇವುಗಳಲ್ಲಿ ಹಲವು ರಾತ್ರಿಯೂ ಮೇಯುತ್ತವೆ. ಗಾಡ್‌ವಿಟ್ಟಿನಂಥ ಉದ್ದ ಕೊಕ್ಕಿನವಕ್ಕೆ ಕಣ್ಣಿನ ಹಂಗು ಕಡಿಮೆ. ಕೊಕ್ಕಿನ ತುದಿಯಲ್ಲೇ ಸ್ಪರ್ಶಜ್ಞಾನವಿದೆ, ಕೆಸರಿನೊಳಗಿನ ಹುಳು ಕತ್ತಲಲ್ಲೂ ಸಿಗುತ್ತದೆ. ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುವುದು ಹಗಲಿನಲ್ಲಿ. ಆಗ ಇವುಗಳಲ್ಲಿ ಹಲವು ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನ ಗರಿಯೊಳಗೆ ತೂರಿಸಿ ನಿದ್ದೆ ಮಾಡುತ್ತಿರುತ್ತವೆ. ನಾವು ಎಣಿಸಿದ ಜಾಗಕ್ಕೆ ರಕ್ಷಣೆ ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ ಅವು ಹಾರಿಹೋಗಿ ಹೊಟ್ಟೆ ತುಂಬಿಸಿಕೊಳ್ಳುವ ಜಾಗ ಯಾವ ದಾಖಲೆಯಲ್ಲೂ ಇರುವುದಿಲ್ಲ. ಮಲಗುವ ಕೋಣೆಗೆ ಬೀಗ ಹಾಕಿ ಅಡುಗೆಮನೆಯನ್ನು ಬಯಲಿಗೆ ಬಿಟ್ಟಂತೆ ಇದು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಪ್ಪುಬಾಲದ ಗಾಡ್‌ವಿಟ್‌ಗಳು ಭತ್ತದ ಗದ್ದೆಗಳನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಭತ್ತ ಇಷ್ಟೊಂದು ಬೆಳೆಯುವಾಗ, ಬೋನಾಳದ ಹಕ್ಕಿಗಳು ಇರುಳಲ್ಲಿ ಗದ್ದೆಗೆ ಇಳಿಯುತ್ತವೆಯೇ, ಎಷ್ಟು ದೂರ ಹೋಗುತ್ತವೆ, ಯಾವ ತಿಂಗಳು ಎಂದು ಕೇಳಲೇಬೇಕು.

ದೂರದ ದಾಖಲೆಗಳ ಆಕರ್ಷಣೆ ನಮಗೂ ಇದೆ. 2022ರ ಅಕ್ಟೋಬರಿನಲ್ಲಿ ಅಲಾಸ್ಕಾದಿಂದ ಹೊರಟ ಪಟ್ಟೆಬಾಲದ ಗಾಡ್‌ವಿಟ್ ಮರಿಯೊಂದು 11 ದಿನ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿ ಟಾಸ್ಮೇನಿಯಾ ಮುಟ್ಟಿತು. ಗಂಟೆಗೆ ಸರಾಸರಿ 51 ಕಿ.ಮೀ. ವೇಗ. ಅದರ ಬೆನ್ನ ಮೇಲಿದ್ದದ್ದು ಬರೀ 5 ಗ್ರಾಂ ತೂಕದ, ಬಿಸಿಲಿನಿಂದ ನಡೆಯುವ ಉಪಗ್ರಹ ಟ್ಯಾಗ್, ಅಂದರೆ ಹಕ್ಕಿ ಇರುವ ಸ್ಥಳವನ್ನು ತಿಳಿಸುವ ಪುಟ್ಟ ಉಪಕರಣ. ಕಜಕಸ್ತಾನದಲ್ಲಿ ಮರಿಮಾಡುವ, ಅಳಿವಿನ ಅಂಚಿನಲ್ಲಿರುವ ಸೋಶಿಯಬಲ್ ಲ್ಯಾಪ್‌ವಿಂಗ್ ಎಂಬ ಟಿಟ್ಟಿಭಕ್ಕೆ ಎರಡು ವಲಸೆ ದಾರಿಗಳಿವೆ. ಒಂದು ಅರಬ್ ನಾಡುಗಳ ಮೇಲೆ ಸುಡಾನಿನತ್ತ, ಇನ್ನೊಂದು ಪಾಕಿಸ್ತಾನ ಮತ್ತು ವಾಯವ್ಯ ಭಾರತದತ್ತ. ಈ ಎರಡು ದಾರಿಗಳನ್ನು ನಕ್ಷೆಯ ಮೇಲೆ ತೋರಿಸಿಕೊಟ್ಟದ್ದೂ ಟ್ಯಾಗ್‌ಗಳೇ. ಇವೆಲ್ಲ ಸಾಧ್ಯವಾದದ್ದು ತೂಕದ ಲೆಕ್ಕ ಬಿಗಿಯಾಗಿದ್ದುದರಿಂದ.

ತೂಕದಿಂದಲೇ ಶುರುಮಾಡೋಣ. ಹಕ್ಕಿ ಹೊರುವ ಒಟ್ಟು ಭಾರ ಅದರ ಮೈತೂಕದ ಶೇ 3 ಮೀರಬಾರದು ಎಂಬುದು ಈಗ ಸಾಮಾನ್ಯವಾಗಿ ಪಾಲಿಸುವ ಮಿತಿ. 25 ಗ್ರಾಂ ತೂಗುವ ಲಿಟಲ್ ಸ್ಟಿಂಟ್ ಹೊರಬಹುದಾದದ್ದು 0.75 ಗ್ರಾಂ. 60 ಗ್ರಾಂನ ವುಡ್ ಸ್ಯಾಂಡ್‌ಪೈಪರ್ 1.8 ಗ್ರಾಂ. 180 ಗ್ರಾಂನ ಕೆಂಪು ಟಿಟ್ಟಿಭ 5.4 ಗ್ರಾಂ. 250 ಗ್ರಾಂನ ಕಪ್ಪುಬಾಲದ ಗಾಡ್‌ವಿಟ್ 7.5 ಗ್ರಾಂ. ಒಟ್ಟು ಭಾರ ಎಂದರೆ ಟ್ಯಾಗ್ ಮಾತ್ರವಲ್ಲ. ಪಟ್ಟಿ, ಅಡಿಗೆ ಅಂಟಿಸುವ ಮೆತ್ತೆ, ಅಂಟು, ಕಾಲುಂಗುರ ಎಲ್ಲ ಸೇರಿ. ಆದ್ದರಿಂದ ಕಂಪನಿಯ ಕಾಗದದಲ್ಲಿ ಬರೆದ ತೂಕವನ್ನು ನಂಬದೆ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಎಲ್ಲವನ್ನೂ ಕೂಡಿಸಿ ತೂಗಬೇಕು. ಮೈತೂಕವನ್ನೂ ಹಕ್ಕಿ ಬಡವಾಗಿರುವ ಕಾಲದ್ದೇ ಹಿಡಿಯಬೇಕು. ವಲಸೆ ಹೊರಡುವ ಮುನ್ನ ಕೊಬ್ಬು ತುಂಬಿಕೊಂಡು ಭಾರವಾದ ಗಾಡ್‌ವಿಟ್ಟಿನ ತೂಕಕ್ಕೆ ಶೇ 3 ಲೆಕ್ಕ ಹಾಕಿದರೆ, ಹಾರಿ ಸುಸ್ತಾಗಿ ಇಳಿದ ದಿನ ಅದೇ ಟ್ಯಾಗ್ ಮಿತಿ ಮೀರಿರುತ್ತದೆ. ಗಾಳಿಯ ತಡೆಯೂ ಇದೆ. ಎತ್ತರದ, ಮೂಲೆ ಚೂಪಾದ ಟ್ಯಾಗ್ ಹಗುರವಿದ್ದರೂ ಸಾವಿರಾರು ಕಿ.ಮೀ. ಹಾರುವ ಹಕ್ಕಿಗೆ ದುಬಾರಿ. ಈ ಲೆಕ್ಕದ ಪ್ರಕಾರ ನಮ್ಮ ಕೆರೆಗಳ ಸ್ಟಿಂಟ್, ಸಣ್ಣ ಪ್ಲವರ್, ಸ್ಯಾಂಡ್‌ಪೈಪರ್‌ಗಳನ್ನು ಈ ಕೆಲಸದಿಂದ ಕೈಬಿಡಬೇಕು. ಅವುಗಳ ಕಾಲಿಗೆ ಬಣ್ಣದ ಉಂಗುರ ಸಾಕು. ಗಾಡ್‌ವಿಟ್, ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಈ ಮೂರು ತಕ್ಕವು.

ಟ್ಯಾಗ್‌ಗಳಲ್ಲಿ ಬಗೆಗಳಿವೆ, ಹೆಸರೆಲ್ಲ ಜಿಪಿಎಸ್ಸೇ. ಸುಮಾರು 1 ಗ್ರಾಂ ತೂಕದವು ಕೆಲವು ಹತ್ತು ಬಿಂದುಗಳನ್ನಷ್ಟೇ (ಬಿಂದು ಎಂದರೆ ಒಂದು ವೇಳೆಯಲ್ಲಿ ಹಕ್ಕಿ ಇದ್ದ ಸ್ಥಳದ ದಾಖಲೆ) ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ, ಹಕ್ಕಿಯನ್ನು ಮತ್ತೆ ಹಿಡಿದರೆ ಮಾತ್ರ ಮಾಹಿತಿ. ವಲಸೆ ಹಕ್ಕಿಯನ್ನು ಚಳಿಗಾಲದ ತಾಣದಲ್ಲಿ ಎರಡನೇ ಸಲ ಹಿಡಿಯುವ ಸಂಭವ ತೀರ ಕಡಿಮೆ; ದುಡ್ಡು ದಂಡ. ಆರ್ಗೋಸ್ ಎಂಬ ಉಪಗ್ರಹ ವ್ಯವಸ್ಥೆಯ ಟ್ಯಾಗ್ ಜಗತ್ತಿನ ಎಲ್ಲಿಂದಲೂ ಸುದ್ದಿ ಕಳಿಸುತ್ತದೆ. ಆದರೆ ಸಂಕೇತದ ಕಂಪನಾಂಕದ ಏರಿಳಿತದಿಂದ ಸ್ಥಳ ಲೆಕ್ಕ ಹಾಕುವ ಮಾದರಿಯಾದರೆ ಒಳ್ಳೆಯ ದರ್ಜೆಯ ಬಿಂದುವಿನಲ್ಲೂ 250 ಮೀಟರ್ ವರೆಗೆ, ಅದರ ಕೆಳಗಿನ ದರ್ಜೆಗಳಲ್ಲಿ 500, 1500 ಮೀಟರ್ ವರೆಗೆ ತಪ್ಪು ಬರುತ್ತದೆ. ಹಕ್ಕಿ ಕೆರೆಯಲ್ಲಿತ್ತೋ ಪಕ್ಕದ ಗದ್ದೆಯಲ್ಲಿತ್ತೋ ಎಂದು ಅದರಿಂದ ಹೇಳಲಾಗದು. ನಮ್ಮ ಪ್ರಶ್ನೆಗೆ ಬೇಕಾದದ್ದು ಕೆಲವೇ ಮೀಟರ್ ತಪ್ಪಿನ ನಿಜವಾದ ಜಿಪಿಎಸ್ ಬಿಂದು. ಅದನ್ನು ಮೊಬೈಲ್ ಜಾಲದ ಮೂಲಕ ಕಳಿಸುವ ಟ್ಯಾಗ್ ಒಂದು ದಾರಿ. ಕೆರೆ ದಂಡೆಯಲ್ಲಿ ನಿಲ್ಲಿಸಿದ ರಿಸೀವರ್‌ಗೆ ರೇಡಿಯೊ ಮೂಲಕ ಇಳಿಸುವ ಟ್ಯಾಗ್ ಇನ್ನೊಂದು. ಹಗಲೆಲ್ಲ ಒಂದೇ ಕೆರೆಗೆ ಮರಳುವ ಹಕ್ಕಿಗಳಾದರೆ ಎರಡನೆಯದು ಹಗುರ, ಅಗ್ಗ. ಮೊಬೈಲ್ ಟ್ಯಾಗ್ ತರಿಸುವವರು ಮೊದಲು ಕೇಳಬೇಕಾದದ್ದು, ಅದು 2ಜಿ ಮೇಲೆ ಮಾತ್ರ ನಡೆಯುತ್ತದೋ 4ಜಿ ವರ್ಗದ ಜಾಲದಲ್ಲೂ ನಡೆಯುತ್ತದೋ ಎಂದು. ಹಳೆಯ ಜಾಲಗಳು ದೇಶದಿಂದ ದೇಶಕ್ಕೆ ಮುಚ್ಚುತ್ತಿವೆ. ಜಾಲವಿಲ್ಲದ ಹುಲ್ಲುಗಾವಲಿನಲ್ಲಿ ಬೇಸಿಗೆ ಕಳೆದರೆ ಚಿಂತೆಯಿಲ್ಲ, ಟ್ಯಾಗ್ ಬಿಂದುಗಳನ್ನು ಕೂಡಿಟ್ಟುಕೊಂಡು ಜಾಲ ಸಿಕ್ಕ ದಿನ ಕಳಿಸುತ್ತದೆ.

ಹಿಡಿಯುವುದು ಇಡೀ ಕೆಲಸದಲ್ಲಿ ಅತಿ ಜವಾಬ್ದಾರಿಯ ಘಟ್ಟ. ನವೆಂಬರಿನಿಂದ ಜನವರಿಯೊಳಗೆ, ಅಮಾವಾಸ್ಯೆಯ ಆಚೀಚೆ, ಗಾಳಿ ಬಿದ್ದ ರಾತ್ರಿಗಳಲ್ಲಿ ಮಂಜುಬಲೆ, ಅಂದರೆ ಕತ್ತಲಲ್ಲಿ ಕಣ್ಣಿಗೆ ಬೀಳದ ತೆಳುನೂಲಿನ ಬಲೆ, ಕಟ್ಟುವುದು ರೂಢಿ. ಬೆಳದಿಂಗಳಲ್ಲಿ ಬಲೆ ಕಾಣುತ್ತದೆ, ಗಾಳಿಗೆ ಉಬ್ಬಿದರೆ ಹಕ್ಕಿ ತಿರುಗಿಕೊಳ್ಳುತ್ತದೆ. ಸಣ್ಣ ಹಕ್ಕಿಗಳಿಗೆ 36 ಮಿ.ಮೀ. ಆಸುಪಾಸಿನ ಕಣ್ಣಿನ ಬಲೆ, ಗಾಡ್‌ವಿಟ್ಟಿಗೆ 50 ಮಿ.ಮೀ.ಗಿಂತ ದೊಡ್ಡದು. ಬಲೆಯ ಕೆಳಗಿನ ಮಡಿಕೆಗೆ ಹಕ್ಕಿಯ ಭಾರ ಬಿದ್ದರೂ ಅದು ನೀರಿಗೆ ತಾಕದಷ್ಟು ಎತ್ತರದಲ್ಲಿರಬೇಕು, ಇಲ್ಲವಾದರೆ ಸಿಕ್ಕ ಹಕ್ಕಿ ಮುಳುಗಿ ಸಾಯುತ್ತದೆ. 15–20 ನಿಮಿಷಕ್ಕೊಮ್ಮೆ ಬಲೆ ನೋಡಲೇಬೇಕು. ಟಿಟ್ಟಿಭಕ್ಕೆ ನೆಲದ ಮೇಲೆ ಹಾಸುವ ಉರುಲು ಜಾಳಿಗೆ ಒಳ್ಳೆಯದು. ಈ ಕೈಚಳಕ ಪುಸ್ತಕದಿಂದ ಬರುವುದಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಉಂಗುರ ತೊಡಿಸುವ ಕೆಲಸದಲ್ಲಿ ಬಿಹಾರದ ಮೀರ್‌ಶಿಕಾರ್ ಸಮುದಾಯದವರ ಹಕ್ಕಿ ಹಿಡಿಯುವ ಪರಂಪರಾಗತ ವಿದ್ಯೆ ದಶಕಗಳಿಂದ ಬಳಕೆಯಾಗಿದೆ. ನಮ್ಮಲ್ಲೂ ಬಲೆ, ಉರುಲು ಬಲ್ಲ ಕೈಗಳಿಗೆ ಸಂಬಳ, ಗೌರವ ಎರಡನ್ನೂ ಕೊಟ್ಟು ಕರೆಯಬೇಕು.

ಉದ್ದಗಾಲಿನ ಹಕ್ಕಿಗಳಿಗೆ ಒಂದು ದೊಡ್ಡ ಅಪಾಯವಿದೆ. ಬಲೆಯಲ್ಲಿ ಒದ್ದಾಡಿ, ಚೀಲದಲ್ಲಿ ಕಾಲು ಮಡಚಿ ಕೂತು, ಮೇಲೆ ಸೆಕೆಯೂ ಸೇರಿದರೆ ಕಾಲಿನ ಸ್ನಾಯು ಸೆಡೆತುಕೊಳ್ಳುತ್ತದೆ. ಬಿಟ್ಟಾಗ ಹಕ್ಕಿ ನಿಲ್ಲಲಾರದೆ ಕುಸಿಯುತ್ತದೆ. ಮುಂದೆ ಹದ್ದು, ನಾಯಿಗಳ ಬಾಯಿಗೆ ಹೋಗುತ್ತದೆ. ಆದ್ದರಿಂದ ಗಾಡ್‌ವಿಟ್, ಮೆಟ್ಟುಗಾಲು ಹಕ್ಕಿಗಳನ್ನು ಚೀಲಕ್ಕೆ ಹಾಕಬಾರದು. ನಿಲ್ಲುವಷ್ಟು ಎತ್ತರವಿರುವ, ಬಟ್ಟೆ ಗೋಡೆಯ, ಗಾಳಿಯಾಡುವ ಕತ್ತಲ ಪೆಟ್ಟಿಗೆ ಬೇಕು, ಅಡಿಯಲ್ಲಿ ಜಾರದ ಹಾಸು. ಕೈಯಲ್ಲಿ ಹಿಡಿದು ಮಾಡುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಬೇಕು. ನಮ್ಮ ಭಾಗದಲ್ಲಿ ಫೆಬ್ರುವರಿ ಮುಗಿದ ಮೇಲೆ ಹಗಲಿನಲ್ಲಿ ಹಿಡಿಯುವ ಮಾತೇ ಬೇಡ.

ಟ್ಯಾಗ್ ಕೂರುವುದು ಸೊಂಟದ ಮೇಲೆ, ಎರಡೂ ತೊಡೆ ಸುತ್ತುವ ಎರಡು ಕುಣಿಕೆಗಳ ಆಧಾರದಲ್ಲಿ. ಎದೆಯ ಮೇಲೆ ಪಟ್ಟಿ ಹಾಯುವುದಿಲ್ಲವಾದ್ದರಿಂದ ವಲಸೆಗೆ ಮುಂಚೆ ಎದೆಗೆ ಕೊಬ್ಬು ತುಂಬಿದರೂ ಬಿಗಿಯಾಗದು. ಟೆಫ್ಲಾನ್ ಪಟ್ಟಿ ಅಥವಾ ಸಿಲಿಕೋನ್ ದಾರದ ಕುಣಿಕೆಯನ್ನು ಹಕ್ಕಿಯ ಗಾತ್ರಕ್ಕೆ ಅಳೆದು ಮೊದಲೇ ಕಟ್ಟಿಟ್ಟುಕೊಂಡಿರಬೇಕು, ಕೂದಲೆಳೆಯಷ್ಟು ದೊಡ್ಡದು, ಚಿಕ್ಕದು ಎಂದು ಮೂರ್ನಾಲ್ಕು ಅಳತೆಗಳಲ್ಲಿ. ತೊಡಿಸಿದ ಮೇಲೆ ಟ್ಯಾಗನ್ನು ಮೆಲ್ಲಗೆ ಎತ್ತಿ ನೋಡಿದರೆ ಅಡಿಯಲ್ಲಿ ಸಣ್ಣ ಪೆನ್ಸಿಲ್ ತೂರುವಷ್ಟು ಸಂದು ಇರಬೇಕು. ಬಿಗಿಯಾದರೆ ತೊಡೆಯ ಚರ್ಮ ಕೊರೆಯುತ್ತದೆ. ಸಡಿಲವಾದರೆ ಕೊಕ್ಕು ಅಥವಾ ಕಾಲು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ವಾರದಲ್ಲಿ ಟ್ಯಾಗ್ ಜಾರಿ ಬೀಳುತ್ತದೆ. ಗಂಟಿಗೆ ಒಂದೇ ಹನಿ ಅಂಟು, ಗರಿಗೆ ತಾಗದಂತೆ. ಟ್ಯಾಗ್ ಅಡಿಯ ಮೆತ್ತೆ ಕೆಲವು ಮಿಲಿಮೀಟರ್ ದಪ್ಪವಿರಲಿ. ಇಲ್ಲವಾದರೆ ಗರಿಗಳು ಸೌರಫಲಕದ ಮೇಲೆ ಮುಚ್ಚಿಕೊಂಡು, ಕಲಬುರಗಿಯ ಬಿಸಿಲಿನಲ್ಲೂ ಬ್ಯಾಟರಿ ತುಂಬುವುದಿಲ್ಲ. ಬರೀ ಒಂದೆರಡು ತಿಂಗಳ ಸ್ಥಳೀಯ ಅಧ್ಯಯನವಾದರೆ ಕುಣಿಕೆಯೇ ಬೇಡ. ಬೆನ್ನ ಗರಿ ಕತ್ತರಿಸಿ ಅಂಟಿಸಿದ ಟ್ಯಾಗ್ ತಾನಾಗಿ ಉದುರುತ್ತದೆ. ಹಕ್ಕಿಯ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

ಬ್ಯಾಟರಿಯ ಖರ್ಚಿನಲ್ಲಿ ಜಿಪಿಎಸ್ ಬಿಂದು ಹಿಡಿಯುವುದು ಒಂದು ಪಾಲು, ಮೊಬೈಲ್ ಜಾಲಕ್ಕೆ ಕಳಿಸುವುದು ಅದಕ್ಕಿಂತ ದೊಡ್ಡ ಪಾಲು. ಬಹಳ ಹೊತ್ತಿನ ಮೇಲೆ ಎದ್ದ ಟ್ಯಾಗ್‌ಗೆ ಉಪಗ್ರಹಗಳನ್ನು ಹುಡುಕಲು ಅರ್ಧ ನಿಮಿಷವಾದರೂ ಬೇಕು. ಈಗಷ್ಟೇ ಬಿಂದು ಹಿಡಿದಿದ್ದರೆ ಕೆಲವು ಸೆಕೆಂಡು ಸಾಕು. ರಾತ್ರಿಯ ಪ್ರಶ್ನೆಗೆ ಹೊಂದುವ ಒಂದು ವ್ಯವಸ್ಥೆ ಹೀಗೆ: ಹಗಲು ಎರಡು ಗಂಟೆಗೊಂದು ಬಿಂದು, ರಾತ್ರಿ ಗಂಟೆಗೊಂದು. ವೋಲ್ಟೇಜ್ 4.0ರ ಮೇಲಿದ್ದರೆ ಮುಸ್ಸಂಜೆ, ಮುಂಜಾವುಗಳಲ್ಲಿ ಹತ್ತು ನಿಮಿಷಕ್ಕೊಂದು. 3.7ಕ್ಕೆ ಇಳಿದರೆ ಆರು ಗಂಟೆಗೊಂದು. ಕಳಿಸುವುದು ದಿನಕ್ಕೆ ಒಂದೇ ಸಲ, ಬ್ಯಾಟರಿ ತುಂಬಿರುವ ಮಧ್ಯಾಹ್ನ. ಬೆಳಗಿನ ಜಾವಕ್ಕೆ ಕಳಿಸಲು ಹೊಂದಿಸಿದರೆ, ರಾತ್ರಿಯಿಡೀ ಖರ್ಚಾದ ಬ್ಯಾಟರಿ ಅಲ್ಲಿಗೇ ಕೈಕೊಡುತ್ತದೆ.

ಬಂದ ಮಾಹಿತಿ ಹೇಗಿರುತ್ತದೆ ನೋಡಿ. ಒಂದು ಸಾಲಿನಲ್ಲಿ ದಿನಾಂಕ, ವೇಳೆ 19:30, ಅಕ್ಷಾಂಶ, ರೇಖಾಂಶ, ಉಪಗ್ರಹ 7, ಎಚ್‌ಡಿಒಪಿ 1.2, ವೇಗ 0, ವೋಲ್ಟೇಜ್ 3.92. ಈ 19:30 ಅಂತರರಾಷ್ಟ್ರೀಯ ವೇಳೆ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿದರೆ ಮರುದಿನ ರಾತ್ರಿ 1 ಗಂಟೆ. ಇದನ್ನು ಮರೆತರೆ ನಡುರಾತ್ರಿ ಗದ್ದೆಯಲ್ಲಿದ್ದ ಹಕ್ಕಿ ಮುಸ್ಸಂಜೆಯಲ್ಲಿ ಗದ್ದೆಯಲ್ಲಿತ್ತು ಎಂದಾಗುತ್ತದೆ, ಇಡೀ ತೀರ್ಮಾನ ತಲೆಕೆಳಗು. ಎಚ್‌ಡಿಒಪಿ ಎಂದರೆ ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿದ್ದವು ಎಂಬ ಸೂಚ್ಯಂಕ, ಕಡಿಮೆಯಿದ್ದಷ್ಟೂ ಒಳ್ಳೆಯದು. ಅದು 5 ಮೀರಿದ, ಉಪಗ್ರಹ 4ಕ್ಕಿಂತ ಕಡಿಮೆಯಿದ್ದ ಸಾಲುಗಳನ್ನು ತೆಗೆದುಹಾಕಬೇಕು. ಅಕ್ಷಾಂಶದ ನಾಲ್ಕನೇ ದಶಾಂಶದಲ್ಲಿ ಒಂದಂಕಿ ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್. ಎರಡು ಬಿಂದುಗಳ ನಡುವೆ ಗಂಟೆಗೆ 200 ಕಿ.ಮೀ. ವೇಗ ಬಂದರೆ ಹಾರಿದ್ದು ಹಕ್ಕಿಯಲ್ಲ, ಬಿಂದು ತಪ್ಪಿದೆ.

ಹಕ್ಕಿ ಎಲ್ಲಿತ್ತು ಎಂಬುದು ಬಿಂದುವಿನಿಂದ ತಿಳಿಯುತ್ತದೆ. ಏನು ಮಾಡುತ್ತಿತ್ತು ಎಂಬುದಕ್ಕೆ ಟ್ಯಾಗ್‌ನೊಳಗಿನ ಅಕ್ಸೆಲೆರೊಮೀಟರ್ ಬೇಕು. ಮೂರು ದಿಕ್ಕಿನ ಅಲುಗಾಟವನ್ನು ಸೆಕೆಂಡಿಗೆ ಸುಮಾರು 20 ಸಲ, ಕೆಲವು ಸೆಕೆಂಡು ಮಾತ್ರ ಅಳೆಯುವಂತೆ ಹೊಂದಿಸುತ್ತಾರೆ. ನಿದ್ದೆಯ ಗೆರೆ ಸಪಾಟು, ರೆಕ್ಕೆ ಬಡಿತದ್ದು ಒಂದೇ ಲಯದ ಅಲೆ, ಕೊಕ್ಕು ಚುಚ್ಚಿ ಮೇಯುವಾಗಿನದು ಮುಂದಕ್ಕೆ ಬಾಗಿದ ಒರಟು ಏರಿಳಿತ. ಯಾವ ಗೆರೆ ಯಾವ ನಡವಳಿಕೆ ಎಂದು ಗಣಕಕ್ಕೆ ಕಲಿಸಲು, ಟ್ಯಾಗ್ ಹೊತ್ತ ಅದೇ ಹಕ್ಕಿಯನ್ನು ಹಗಲಿನಲ್ಲಿ ವಿಡಿಯೊ ಮಾಡಿ, ಕ್ಯಾಮೆರಾದ ಗಡಿಯಾರವನ್ನು ಜಿಪಿಎಸ್ ವೇಳೆಗೆ ಸೆಕೆಂಡಿನ ಲೆಕ್ಕದಲ್ಲಿ ಹೊಂದಿಸಿರಬೇಕು. ಬೇರೆ ದೇಶದ, ಬೇರೆ ಜಾತಿಯ ಹಕ್ಕಿಯ ಮೇಲೆ ಕಲಿಸಿದ ಮಾದರಿಯನ್ನು ಎರವಲು ತಂದರೆ ಮೇಯುವುದು, ಗರಿ ತೀಡುವುದು ಕಲಸಿಹೋಗುತ್ತವೆ.

ಭೀಮಾ ನದಿಗೆ ಇದರ ಉಪಯೋಗ ನೇರವಾಗಿದೆ. ಕೆಂಪು ಟಿಟ್ಟಿಭ ಬೇಸಿಗೆಯಲ್ಲಿ ಉಸುಕಿನ ದಿಬ್ಬ, ಬರಡು ದಂಡೆಗಳಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ಕಾವು 28ರಿಂದ 30 ದಿನ, ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೂರುತ್ತವೆ. ಗೂಡು ಕಟ್ಟುವ ಕಾಲಕ್ಕೆ ಎಷ್ಟೋ ಮೊದಲೇ ಟ್ಯಾಗ್ ಹಾಕಿದ ಹಕ್ಕಿಯ ಬಿಂದುಗಳು ಒಂದು ಹತ್ತು ಮೀಟರ್ ವೃತ್ತಕ್ಕೆ ಮತ್ತೆ ಮತ್ತೆ ಮರಳಿದರೆ ಅಲ್ಲಿ ಗೂಡಿದೆ ಎಂದರ್ಥ. ನೆತ್ತಿ ಸುಡುವ ಹೊತ್ತಿಗೆ ಅದು ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಬಿಂದುಗಳು ಗೂಡಿಗೂ ನೀರಿಗೂ ನಡುವೆ ಓಲಾಡುವುದೂ ಕಾಣುತ್ತದೆ. ಈ ಸಾಲು ಹನ್ನೆರಡನೇ ದಿನಕ್ಕೆ ತಟ್ಟನೆ ನಿಂತು ಹಕ್ಕಿ ಬೇರೆಡೆ ಅಲೆಯತೊಡಗಿದರೆ ಗೂಡು ಹೋಯಿತು. ಅದೇ ದಿನ ನದಿಯ ಮೇಲ್ಭಾಗದ ಉಜ್ಜನಿ ಅಣೆಕಟ್ಟಿನಿಂದ ನೀರು ಬಂದಿತ್ತೇ, ಸೊನ್ನ ಬ್ಯಾರೇಜಿನ ಗೇಟು ತೆರೆದಿತ್ತೇ, ದಿಬ್ಬಕ್ಕೆ ಟಿಪ್ಪರ್ ಇಳಿದಿತ್ತೇ ಎಂದು ದಾಖಲೆ ತೆಗೆದು ನೋಡಬಹುದು. ಟಿಟ್ಟಿಭಕ್ಕೆ ಕಂಟಕವಾದದ್ದೇ ಅದೇ ಉಸುಕಿನಲ್ಲಿ ಮೊಟ್ಟೆಯಿಡುವ ಪುಟ್ಟ ಪ್ರಾಟಿನ್‌ಕೋಲ್ ಹಕ್ಕಿಗೂ ಕಂಟಕ; ಅದು ಟ್ಯಾಗ್ ಹೊರಲಾರದಷ್ಟು ಚಿಕ್ಕದು.

ಟ್ಯಾಗ್ ಮೌನವಾದಾಗಲೂ ಓದುವುದನ್ನು ಕಲಿಯಬೇಕು. ವೋಲ್ಟೇಜ್ ವಾರಗಟ್ಟಲೆ ಇಳಿಯುತ್ತ ಬಂದು ನಿಂತರೆ ಫಲಕ ಗರಿಯಡಿ ಸೇರಿದೆ ಅಥವಾ ಬ್ಯಾಟರಿ ಹಳತಾಗಿದೆ. ಬಿಂದು ಒಂದೇ ಕಡೆ, ಅಲುಗಾಟ ಸೊನ್ನೆ, ಉಷ್ಣತೆ ಹಗಲು ಏರಿ ರಾತ್ರಿ ಇಳಿದರೆ ಹಕ್ಕಿ ಸತ್ತಿದೆ ಇಲ್ಲವೇ ಟ್ಯಾಗ್ ಬಿದ್ದಿದೆ. ಅಂದೇ ಹೋಗಿ ನೋಡಬೇಕು. ಬ್ಯಾಟರಿ ತುಂಬಿದ್ದಾಗಲೇ ಸದ್ದಡಗಿದರೆ ಜಾಲ ತಪ್ಪಿರಬಹುದು, ಕೆಲವು ತಿಂಗಳು ಕಾಯಬೇಕು. ಬಿಂದುಗಳು ರಸ್ತೆಗುಂಟ ಸಾಗಿ ಊರೊಳಗೆ ನಿಂತರೆ ಯಾರೋ ಹಿಡಿದಿದ್ದಾರೆ. ಇಂಥ ನಷ್ಟಗಳು ಎಲ್ಲ ಅಧ್ಯಯನದಲ್ಲೂ ಇರುವುದರಿಂದಲೇ ಎರಡು ಹಕ್ಕಿಗೆ ಟ್ಯಾಗ್ ಹಾಕಿ ಫೋಟೊ ತೆಗೆಸಿಕೊಳ್ಳುವ ಯೋಜನೆಗಳನ್ನು ನಾವು ವಿರೋಧಿಸುತ್ತೇವೆ. ಎರಡರಲ್ಲಿ ಒಂದು ಹೋದರೆ ಉಳಿದದ್ದು ಒಂದು ಹಕ್ಕಿಯ ಕಥೆ. ಅದರ ಮೇಲೆ ಯಾವ ಇಲಾಖೆಯೂ ನಿರ್ಧಾರ ಮಾಡಲಾಗದು.

ನಮ್ಮ ಕೋರಿಕೆ ಇಷ್ಟು. ಬೋನಾಳದಲ್ಲಿ ಹತ್ತು ಗಾಡ್‌ವಿಟ್, ಭೀಮಾ ದಂಡೆಯಲ್ಲಿ ಹತ್ತು ಟಿಟ್ಟಿಭ, ಎರಡು ಚಳಿಗಾಲ, ಎರಡು ಬೇಸಿಗೆ. ಜೊತೆಗೆ ಅಷ್ಟೇ ಅಥವಾ ಹೆಚ್ಚು ಹಕ್ಕಿಗಳಿಗೆ ಬಣ್ಣದ ಉಂಗುರ ಮಾತ್ರ. ಮರುವರ್ಷ ಮರಳುವ ಪ್ರಮಾಣದಲ್ಲಿ ಟ್ಯಾಗ್ ಹೊತ್ತವು ಹಿಂದೆಬಿದ್ದರೆ ಟ್ಯಾಗೇ ತೊಂದರೆ ಕೊಟ್ಟಿದೆ ಎಂದು ತಿಳಿದು ಕೆಲಸ ನಿಲ್ಲಿಸಬೇಕು. ಟ್ಯಾಗ್ ಒಂದಕ್ಕೆ ಲಕ್ಷ ರೂಪಾಯಿಯ ಆಸುಪಾಸು ಬೀಳುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ದೊಡ್ಡ ಮೊತ್ತವಲ್ಲ. ಹಕ್ಕಿ ಹಿಡಿಯಲು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 12ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ರೇಡಿಯೊ ಉಪಕರಣ ವಿದೇಶದಿಂದ ತರಿಸಲು ದೂರಸಂಪರ್ಕ ಇಲಾಖೆಯ ಒಪ್ಪಿಗೆ ಬೇರೆ. ಈ ಕಾಗದಪತ್ರಕ್ಕೇ ತಿಂಗಳುಗಳು ಹಿಡಿಯುವುದರಿಂದ ನವೆಂಬರಿನ ಕೆಲಸಕ್ಕೆ ಬೇಸಿಗೆಯಲ್ಲೇ ಅರ್ಜಿ ಹೋಗಬೇಕು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಬಲೆಯ ಪಕ್ಕದಲ್ಲಿ ಒಬ್ಬ ವೈದ್ಯರಿರುವುದು ಕಷ್ಟವಲ್ಲ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕೃಷ್ಣಾ ಭಾಗ್ಯ ಜಲ ನಿಗಮ ಮತ್ತು ಕರ್ನಾಟಕ ನೀರಾವರಿ ನಿಗಮಗಳು ಜಲಾಶಯ, ಕಾಲುವೆ, ಬ್ಯಾರೇಜುಗಳ ದಿನದಿನದ ಮಟ್ಟವನ್ನು ಈ ಕೆಲಸಕ್ಕೆ ಕೊಡಬೇಕು. ಐದು ದಿನಕ್ಕೊಮ್ಮೆ ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ನೀರು ಎಲ್ಲಿಗೆ ಸರಿಯಿತು, ಕೆಸರು ಎಲ್ಲಿ ತೆರೆಯಿತು ಎಂಬುದು 10 ಮೀಟರ್ ಸೂಕ್ಷ್ಮತೆಯಲ್ಲಿ ಕಾಣುತ್ತದೆ. ಹಕ್ಕಿಯ ಬಿಂದು, ನೀರಿನ ಮಟ್ಟ, ಈ ಚಿತ್ರ ಮೂರನ್ನೂ ಒಂದರ ಮೇಲೊಂದು ಇಟ್ಟಾಗಲೇ, ಯಾವ ಊರಿನ ಗದ್ದೆಗಳಿಗೆ ಯಾವ ವಾರ ಹಕ್ಕಿ ಇಳಿಯುತ್ತದೆ, ಆ ವಾರ ಬೆಳೆಗೆ ಕೀಟನಾಶಕ ಹೊಡೆಯುವುದನ್ನು ಮುಂದೂಡಲು ಯಾವ ರೈತರೊಡನೆ ಮಾತಾಡಬೇಕು, ಹಾರುವ ದಾರಿಗೆ ಅಡ್ಡವಾದ ಯಾವ ವಿದ್ಯುತ್ ತಂತಿಗೆ ಎಚ್ಚರಿಕೆಯ ಬಿಲ್ಲೆ ತೂಗುಹಾಕಬೇಕು ಎಂದು ಹೇಳಲಾಗುವುದು. ಬಿಂದುಗಳನ್ನು ಅಂದಂದೇ ಸಾರ್ವಜನಿಕವಾಗಿ ಹಂಚಬಾರದು. ಬೇಟೆಗಾರರೂ ಮೊಬೈಲ್ ನೋಡುತ್ತಾರೆ.

ಓದುಗರಲ್ಲೂ ಒಂದು ಮಾತು. 2024ರಲ್ಲಿ ಕಾರವಾರದ ಬಳಿ ಬೆನ್ನ ಮೇಲೆ ಟ್ಯಾಗ್ ಹೊತ್ತ ರಣಹದ್ದು ಕಂಡಾಗ ಗೂಢಚಾರಿಕೆಯ ಗುಮಾನಿ ಹಬ್ಬಿತ್ತು. ಅದು ಮಹಾರಾಷ್ಟ್ರದ ತಾಡೋಬಾದಿಂದ ಅಧ್ಯಯನಕ್ಕಾಗಿ ಬಿಟ್ಟ ಹಕ್ಕಿ. ಹೊಲದಲ್ಲೋ ಕೆರೆಯಲ್ಲೋ ಇಂಥ ಹಕ್ಕಿ ಬದುಕಿದ್ದು ಸಿಕ್ಕರೆ ಪಟ್ಟಿ ಕತ್ತರಿಸಬೇಡಿ, ನೆರಳಿನ ಪೆಟ್ಟಿಗೆಯಲ್ಲಿಟ್ಟು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಉಂಗುರದ ಬಣ್ಣ, ಅದು ಎಡಗಾಲೋ ಬಲಗಾಲೋ, ಕಾಲಿನ ಕೀಲಿನ ಮೇಲೋ ಕೆಳಗೋ ಎಂಬುದನ್ನು ಬರೆದುಕೊಂಡು ಫೋಟೊ ತೆಗೆಯಿರಿ. ಸತ್ತಿದ್ದರೆ ಟ್ಯಾಗಿನ ಕಪ್ಪು ಫಲಕ ಮೇಲಾಗುವಂತೆ ಬಿಸಿಲಿನಲ್ಲಿಡಿ. ಕಬ್ಬಿಣದ ಕಪಾಟಿನೊಳಗೆ ಸೇರಿದರೆ ಸಂಕೇತ ಹೊರಹೋಗುವುದಿಲ್ಲ. ಬಿಸಿಲಿನಲ್ಲಿದ್ದರೆ ಒಂದೆರಡು ದಿನದಲ್ಲಿ ತಾನು ಎಲ್ಲಿದ್ದೇನೆಂದು ಅದೇ ತಿಳಿಸುತ್ತದೆ, ಅದುವರೆಗೆ ಕೂಡಿಟ್ಟ ಬಿಂದುಗಳೂ ಬಂದು ಸೇರುತ್ತವೆ.

ಇಂತಿ,
ಪಕ್ಷಿ ಅಧ್ಯಯನಾಸಕ್ತರು, ಕಲಬುರಗಿ